ಬ್ಯಾಟರಿ ನನ್ನ ಕೈಚೀಲದಲ್ಲಿತ್ತು

ಕಳೆದ ವರ್ಷ ಜುಲೈ ತಿಂಗಳ ಮೊದಲ ಗುರುವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಸ್ಥಳ, ಬೆಂಗಳೂರಿನ ಅಂಚಿನ ಸಿಂಗಾಪುರ ಎಂಬ ಊರಿನ ಹಿಂಬದಿಯ ಬಡಾವಣೆಯಲ್ಲಿ ನೂರ್‌ಜಹಾನ್ ಮನೆಯ ತಾರಸಿ. ಹಾಜರಿದ್ದವರು ನಾನು ಮತ್ತು ನೂರ್‌ಜಹಾನ್. ಎದುರಿಗೆ, ರಾಜಕಾಲುವೆಯ ಆಚೆ ದಡದಲ್ಲಿ, ಒಂದು ದೊಡ್ಡ ಮಳೆಮರ. ಅದರ ಮೇಲುಗಡೆಯ ಕವಲಿನಲ್ಲಿ ಕೊಳದ ಬಕದ ಗೂಡು, ಗೂಡಿನಲ್ಲಿ ಮೂರು ಮರಿ. ಕಾಲುವೆಗೆ ಗೋಡೆ ಕಟ್ಟಲು ಆ ಮರವನ್ನು ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕಡಿಯುವುದೆಂದು ಗೊತ್ತಾಗಿತ್ತು.

ಹೀಗೆ ಗಂಟೆ, ಸ್ಥಳ, ಹಾಜರಿ ಬರೆಯುವುದು ನನಗೆ ಕೆಲಸದಿಂದ ಅಂಟಿದ ಅಭ್ಯಾಸ. ಯಶವಂತಪುರದ ಕಡೆಯ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದೆ. ನಮ್ಮ ಕಾಲದಲ್ಲಿ ಪ್ರತಿ ಫಿಲ್ಮಿನ ಮೂಲೆಯಲ್ಲಿ ಸೀಸದ ಅಕ್ಷರಗಳನ್ನು ಇಡಬೇಕಿತ್ತು. ಎಡಗೈಯೋ ಬಲಗೈಯೋ, ರೋಗಿಯ ಸಂಖ್ಯೆ, ದಿನಾಂಕ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳುತ್ತಿದ್ದೆ: ದಿನಾಂಕವಿಲ್ಲದ ಫಿಲ್ಮು ಎಷ್ಟು ಚೆನ್ನಾಗಿ ಬಂದಿದ್ದರೂ ಕಸ. ಕಾಲು ಮುರಿದು ನರಳುತ್ತಿದ್ದವರನ್ನೂ ಮತ್ತೆ ಮೇಜಿನ ಮೇಲೆ ಮಲಗಿಸಿ ಇನ್ನೊಂದು ಫಿಲ್ಮು ತೆಗೆಸಿದ್ದೇನೆ. ನನ್ನ ಬೆನ್ನ ಹಿಂದೆ ಹುಡುಗಿಯರು ನನ್ನನ್ನು ‘ಸೀಸದಮ್ಮ’ ಎನ್ನುತ್ತಿದ್ದರು. ಗೊತ್ತಿತ್ತು, ಬೇಸರವಿರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಒಮ್ಮೆ ಬೀರುವಿನಲ್ಲಿಟ್ಟ ಅಳತೆಯ ಉಪಕರಣದೊಳಗೆ ಸೆಲ್ ಸೋರಿ ಅದು ಪೂರ್ತಿ ಹಾಳಾಯಿತು. ಅಂದಿನಿಂದ ಕೆಲಸ ಮುಗಿದ ಕೂಡಲೇ ಸೆಲ್ ಅಥವಾ ಬ್ಯಾಟರಿ ಹೊರಗೆ ತೆಗೆದು ಬೇರೆ ಕಡೆ ಇಡುವುದು. ಮನೆಯಲ್ಲಿ ಟಾರ್ಚಿಗೂ ಇದೇ ನಿಯಮ. ಕರೆಂಟು ಹೋದಾಗ ನಮ್ಮ ಮನೆಯವರು ಎಷ್ಟು ಗೊಣಗಿದರೂ ನಾನು ಬದಲಾಗಲಿಲ್ಲ.

ನಿವೃತ್ತಿಯ ನಂತರ ಸಂಜಯನಗರದಲ್ಲಿ ಒಂದು ಕ್ಯಾಮೆರಾ ರಿಪೇರಿ ಅಂಗಡಿ ಮುಚ್ಚುವಾಗ ಮೂರು ವಸ್ತು ತಂದೆ. ಸುಮಾರು ಇಪ್ಪತ್ತು ವರ್ಷ ಹಳೆಯದಾದ ಒಂದು ಡಿಜಿಟಲ್ ಕ್ಯಾಮೆರಾ. ಅದಕ್ಕಿಂತಲೂ ಹಳೆಯ, ಫಿಲ್ಮಿನ ಕಾಲದ, ಪೂರ್ತಿ ಲೋಹದ ಉದ್ದನೆಯ ಲೆನ್ಸು. ಮತ್ತೊಂದು ಟೆಲಿಕನ್ವರ್ಟರ್. ಇದು ಕ್ಯಾಮೆರಾಗೂ ಲೆನ್ಸಿಗೂ ನಡುವೆ ಕೂರುವ ಗಿಡ್ಡ ಕೊಳವೆ. ದೂರದ್ದನ್ನು ಎರಡು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಆದರೆ ಬೆಳಕಿನಲ್ಲಿ ಮುಕ್ಕಾಲು ಪಾಲು ನುಂಗಿಬಿಡುತ್ತದೆ. ಈ ಹಳೆಯ ಲೆನ್ಸು ಹಾಕಿದರೆ ಕ್ಯಾಮೆರಾಗೆ ಮುಂದೆ ಲೆನ್ಸು ಇದೆಯೆಂದೇ ತಿಳಿಯುವುದಿಲ್ಲ. ಬೆಳಕೆಷ್ಟು, ಎಷ್ಟು ಹೊತ್ತು, ಎಲ್ಲವನ್ನೂ ನಾವೇ ಲೆಕ್ಕ ಹಾಕಬೇಕು. ಕೈಯಿಂದ ಉಂಗುರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಬೇಕು. ಎಕ್ಸ್‌ರೇ ಕೋಣೆಯಲ್ಲಿ ನಾನು ಮಾಡಿದ್ದು ಇದನ್ನೇ. ಹಾಗಾಗಿ ಇಷ್ಟವಾಯಿತು. ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳನ್ನು ತೆಗೆಯುತ್ತ, ಪ್ರತಿ ಚಿತ್ರದ ದಿನ, ಗಂಟೆ, ಬೆಳಕಿನ ಲೆಕ್ಕ ಎಲ್ಲವನ್ನೂ ಉದ್ದನೆಯ ರಿಜಿಸ್ಟರ್‌ನಲ್ಲಿ ಬರೆಯುತ್ತ ಬಂದೆ.

ಅಂಗಡಿಯವರು ಕೊಡುವಾಗಲೇ ಹೇಳಿದ್ದರು. “ಮೇಡಂ, ಒಳಗಡೆ ಗಡಿಯಾರಕ್ಕೊಂದು ಪುಟ್ಟ ಸೆಲ್ ಇರುತ್ತೆ, ಅದು ಸತ್ತಿದೆ. ದೊಡ್ಡ ಬ್ಯಾಟರಿ ತೆಗೆದ್ರೆ ಡೇಟು ಹೊರಟುಹೋಗುತ್ತೆ. ತೆಗೀದೇ ಇದ್ರೆ ಏನೂ ತೊಂದರೆ ಇಲ್ಲ.”

“ಡೇಟು ನಾನು ಬರೀತೀನಿ ಬಿಡಿ,” ಅಂದಿದ್ದೆ.

ಪ್ರತಿಸಲ ಬ್ಯಾಟರಿ ಹಾಕಿದಾಗ ಕ್ಯಾಮೆರಾ ದಿನಾಂಕ ಕೇಳುತ್ತಿತ್ತು. ಪ್ರತಿಸಲ ನಾನು ಆ ಪ್ರಶ್ನೆಯನ್ನು ದಾಟಿಸಿ ಮುಂದೆ ಹೋಗುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು.

ಗೂಡನ್ನು ಮೊದಲು ಕಂಡವಳು ನೂರ್‌ಜಹಾನ್. ನನಗಿಂತ ಹದಿನೈದು ವರ್ಷ ಚಿಕ್ಕವಳು, ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ನನ್ನ ರವಿಕೆಗಳೂ ಅವಳ ಕೈಯವೇ. ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ದಿನವೂ ಒಂದೇ ಹಕ್ಕಿ ಒಂದೇ ಜಾಗಕ್ಕೆ ಇಳಿಯುವುದನ್ನು ನೋಡಿ ನನಗೆ ಫೋನ್ ಮಾಡಿದಳು. ಕೊಳದ ಬಕ ಹಾರುವಾಗ ಅಚ್ಚ ಬಿಳಿ, ಕೂತಾಗ ಮಣ್ಣಿನ ಬಣ್ಣ. ಕೂತ ಮೇಲೆ ಕೆಳಗಿನಿಂದ ಯಾರಿಗೂ ಕಾಣುವುದಿಲ್ಲ. ಅವಳ ತಾರಸಿಯಿಂದ ಮಾತ್ರ ಎಲೆಗಳ ನಡುವೆ ಒಂದು ಸಂದಿಯಿತ್ತು, ಅದರಲ್ಲಿ ಗೂಡು ನೇರವಾಗಿ ಸಿಗುತ್ತಿತ್ತು.

ಮರಕ್ಕೆ ಕಡಿಯುವ ಗುರುತು ಬಿದ್ದಾಗ ನಾವಿಬ್ಬರೂ ಅರ್ಜಿ ಕೊಟ್ಟೆವು. ಮರಗಳ ಉಸ್ತುವಾರಿಯ ಅಧಿಕಾರಿ ಬಂದು ಮರದ ಕೆಳಗೆ ಹತ್ತು ನಿಮಿಷ ನಿಂತು ನೋಡಿದರು. ಹಿಕ್ಕೆ ಬಿದ್ದಿತ್ತು, ಪಾರಿವಾಳದ್ದಿರಬಹುದು ಎಂದರು. ತಾರಸಿಗೆ ಬಂದು ನೋಡಲು ಅವರಿಗೆ ಹೊತ್ತಿರಲಿಲ್ಲ. ನೂರ್‌ಜಹಾನ್ ತನ್ನ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದಳು. ಅದರಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಬುಧವಾರ ಸಂಜೆ ಅವರಿಗೆ ಮತ್ತೆ ಫೋನ್ ಮಾಡಿದೆ.

“ಮೇಡಂ, ಗೂಡಲ್ಲಿ ಮರಿ ಇದ್ರೆ ಹಾರೋವರೆಗೂ ಕೆಲಸ ನಿಲ್ಲಿಸ್ತೀನಿ. ಅದಕ್ಕೆ ನನಗೆ ಅಧಿಕಾರ ಇದೆ. ಆದ್ರೆ ನಾಳೆ ತೆಗೆದ ಫೋಟೋನೇ ಬೇಕು. ಹೋದ ತಿಂಗಳು ಯಾರೋ ಹಳೇ ಫೋಟೋ ತಂದು ಕೆಲಸ ನಿಲ್ಲಿಸಿ, ಆಮೇಲೆ ಗೂಡೇ ಇಲ್ಲ ಅಂತಾಗಿ ನನಗೆ ಮೆಮೊ ಬಂತು. ಹನ್ನೆರಡರಿಂದ ಎರಡರವರೆಗೆ ಆ ಲೈನಿನ ಕರೆಂಟು ತೆಗೆಸಿದ್ದಾರೆ, ಕ್ರೇನ್ ಬರುತ್ತೆ. ಅಷ್ಟರೊಳಗೆ ತನ್ನಿ.”

ನಾಳೆ ತೆಗೆದದ್ದೇ ಬೇಕು ಎಂದು ಅವರು ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದೆ. ರಿಜಿಸ್ಟರ್‌ನಲ್ಲೂ ಬರೆದುಕೊಂಡೆ.

ಗುರುವಾರ ತಾರಸಿಯಲ್ಲಿ ಮುಕ್ಕಾಲಿ ನಿಲ್ಲಿಸಿ, ಬ್ಯಾಟರಿ ಹಾಕಿ, ಎಂದಿನಂತೆ ದಿನಾಂಕದ ಪ್ರಶ್ನೆ ದಾಟಿಸಿ ಲೆನ್ಸು ಕಟ್ಟಿದೆ. ನೂರ್‌ಜಹಾನ್ ಚಹಾ ತಂದಳು.

“ಇದೇನಕ್ಕಾ ತೋಪು ಇದ್ದಂಗಿದೆ. ನಮ್ಮನೆ ಬಿರಿಯಾನಿ ಡಬರಿ ಇದಕ್ಕಿಂತ ಹಗುರ.”

“ಒಂದು ಕೆ.ಜಿ. ರವೆ ಪೊಟ್ಟಣ ತಗೊಂಬಾ.”

“ಉಪ್ಪಿಟ್ಟು ಮಾಡ್ತೀರಾ ಇಲ್ಲೇ?”

ರವೆ ಪೊಟ್ಟಣವನ್ನು ಲೆನ್ಸಿನ ಮೇಲೆ ಇಟ್ಟೆ. ಭಾರ ಬಿದ್ದರೆ ಅಲುಗಾಟ ಕಡಿಮೆ. ಕನ್ವರ್ಟರ್ ಹಾಕಿದ್ದರಿಂದ ಕ್ಯಾಮೆರಾದ ಕಣ್ಣಿಡುವ ಕಿಂಡಿಯೊಳಗೆ ಕತ್ತಲು, ಗೂಡು ಗುರುತೇ ಸಿಗಲಿಲ್ಲ. ಹಳೆಯ ಕ್ಯಾಮೆರಾ, ಸೂಕ್ಷ್ಮತೆ ಹೆಚ್ಚಿಸಿದರೆ ಚಿತ್ರವೆಲ್ಲ ಮರಳು ಚೆಲ್ಲಿದ ಹಾಗೆ ಬರುತ್ತದೆ. ಬಿಸಿಲಿಗಾಗಿ ಕಾಯಬೇಕಾಯಿತು. ಆರು ನಲವತ್ತೈದಕ್ಕೆ ಮೋಡ ಸರಿದು ಮರದ ಮೇಲುಭಾಗಕ್ಕೆ ಬಿಸಿಲು ಬಿತ್ತು. ಉಂಗುರವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದೆ. ಕಡ್ಡಿಗಳು ಒಂದೊಂದಾಗಿ ಎದ್ದು ಕಂಡವು. ಆಮೇಲೆ ಮೂರು ತಲೆ, ನೆತ್ತಿಯ ಮೇಲೆ ನೆಟ್ಟಗೆ ನಿಂತ ನವಿರು ಕೂದಲು, ಹಳದಿ ಕಣ್ಣು. ತಾಯಿ ಬಂದು ಇಳಿಯಿತು, ಮೂರೂ ಬಾಯಿ ತೆರೆದವು. ಆರು ನಲವತ್ತೆಂಟಕ್ಕೆ ಒತ್ತಿದೆ.

ಹಿಂಬದಿಯ ಪುಟ್ಟ ಪರದೆಯಲ್ಲಿ ಹಿಗ್ಗಿಸಿ ನೋಡಿದೆವು. ಒಂದು ಮರಿಯ ಬಾಯಿಯೊಳಗಿನ ನಸುಗೆಂಪು ಕೂಡ ಕಾಣುತ್ತಿತ್ತು. ಆ ಹಳೆಯ ಗಾಜಿನಿಂದ ನಾನು ಅಂಥ ಚಿತ್ರ ಅದುವರೆಗೆ ತೆಗೆದಿರಲಿಲ್ಲ.

“ಯಾ ಅಲ್ಲಾ,” ಅಂದಳು ನೂರ್‌ಜಹಾನ್ ಮೆಲ್ಲಗೆ. “ಕೊನೇದು ನಮ್ ಮಾವನ ಥರಾನೇ ಇದೆ, ಅದೇ ತಲೆಗೂದಲು.”

ಇಬ್ಬರೂ ನಕ್ಕೆವು. ಆ ದಿನ ನಕ್ಕಿದ್ದು ಅಷ್ಟೇ.

ನಾನು ಮುಕ್ಕಾಲಿ ಬಿಚ್ಚಲು ಹೋದೆ. ಅವಳು ತಡೆದಳು. “ಇರ್ಲಿ ಬಿಡಿ ಅಕ್ಕಾ, ಇನ್ನೊಂದು ಬೇಕು ಅಂದ್ರೆ? ಮೇಲೆ ಬಟ್ಟೆ ಮುಚ್ತೀನಿ, ಯಾರೂ ಮುಟ್ಟಲ್ಲ.” ಅದೂ ಸರಿಯೆನಿಸಿ ಹಾಗೇ ಬಿಟ್ಟೆ. ಚಿತ್ರವಿದ್ದ ಮೆಮೊರಿ ಕಾರ್ಡು ಹೊರಗೆ ತೆಗೆದೆ. ಹೆಚ್ಚಿನ ಕಾರ್ಡೊಂದನ್ನು ಒಳಗೆ ಹಾಕಿದೆ. ಬ್ಯಾಟರಿ ತೆಗೆದು ಕೈಚೀಲದ ಪಕ್ಕದ ಜೇಬಿಗೆ ಹಾಕಿ ಜಿಪ್ ಎಳೆದೆ. ಇದನ್ನೆಲ್ಲ ಯೋಚಿಸಿ ಮಾಡಲಿಲ್ಲ, ಕೈ ತಾನೇ ಮಾಡಿತು.

ಅಧಿಕಾರಿಯ ಕಚೇರಿ ಆರ್.ಟಿ. ನಗರದ ಕಡೆ. ಬಸ್ಸಿನಲ್ಲಿ ಒಂಬತ್ತೂವರೆಗೆ ತಲುಪಿದೆ. ಅವರು ಬಂದದ್ದು ಹತ್ತು ನಲವತ್ತಕ್ಕೆ. ಮೂವತ್ತೈದರ ಆಸುಪಾಸಿನ ಯುವಕ, ಮರ್ಯಾದಸ್ಥ. ಕೂರಿಸಿ ನೀರು ಕೊಡಿಸಿದರು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಚಿತ್ರ ತೆರೆದು ಮುಂದಕ್ಕೆ ಬಾಗಿದರು.

“ಎಷ್ಟ್ ಚೆನ್ನಾಗಿ ಬಂದಿದೆ ಮೇಡಂ. ಇದು ಅದೇ ಮರನಾ?”

“ಅದೇ ಮರ. ಇವತ್ತು ಬೆಳಿಗ್ಗೆ ಆರು ನಲವತ್ತೆಂಟು.”

ಅವರು ಏನೋ ಒತ್ತಿದರು, ಪಕ್ಕದಲ್ಲಿ ವಿವರಗಳ ಪಟ್ಟಿ ಬಂತು. ಅದನ್ನು ಓದಿ ಕುರ್ಚಿಗೆ ಒರಗಿದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಲೆನ್ಸು: ಏನೂ ಇಲ್ಲ. ಅಪರ್ಚರ್, ಅಂದರೆ ಲೆನ್ಸು ತೆರೆದ ಅಳತೆ: ಸೊನ್ನೆ. ದಿನಾಂಕ: 2003ರ ಜನವರಿ ಒಂದು. ಸಮಯ: ರಾತ್ರಿ ಹನ್ನೆರಡು ಐವತ್ಮೂರು.

“ರಾತ್ರಿ ಒಂದು ಗಂಟೆಗೆ ಬಿಸಿಲು ಬಿದ್ದಿದೆಯಲ್ಲ ಮೇಡಂ,” ಅಂದರು. ಅದರಲ್ಲಿ ಕುಹಕವಿರಲಿಲ್ಲ, ಬೇಸರವಿತ್ತು.

ನಾನು ವಿವರಿಸಿದೆ. ಗಡಿಯಾರದ ಸೆಲ್ ಸತ್ತಿದೆ, ಬ್ಯಾಟರಿ ಹಾಕಿದ ಕ್ಷಣದಿಂದ ಅದು ಸೊನ್ನೆಯಿಂದ ಎಣಿಸುತ್ತದೆ, ಐದು ಐವತ್ತೈದಕ್ಕೆ ಹಾಕಿದೆ, ಐವತ್ಮೂರು ನಿಮಿಷ ಕೂಡಿಸಿದರೆ ಆರು ನಲವತ್ತೆಂಟು, ಲೆಕ್ಕ ಸರಿಯಾಗಿದೆ. ರಿಜಿಸ್ಟರ್ ತೆಗೆದು ತೋರಿಸಿದೆ. ಅದು ತಪ್ಪು ಗಡಿಯಾರ ಎಂಬುದಕ್ಕೆ ಆ ಬಿಸಿಲೇ ಸಾಕ್ಷಿ ಎಂದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. “ಗಡಿಯಾರ ತಪ್ಪು ಅಂತ ಗೊತ್ತಾಗುತ್ತೆ ಮೇಡಂ. ಸರಿ ದಿನ ಯಾವುದು ಅಂತ ಗೊತ್ತಾಗಲ್ಲವಲ್ಲ. ಬರೆದಿರೋದನ್ನ ಇಟ್ಕೊಂಡು ನಾನು ಫೈಲ್ ಮಾಡೋಕಾಗಲ್ಲ. ನೀವು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತು.”

ನಾನು ರಿಜಿಸ್ಟರ್ ಮುಚ್ಚಿದೆ. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಮೂವತ್ತೊಂದು ವರ್ಷ ಅದನ್ನೇ ಹೇಳಿದ್ದೆ.

“ಕ್ಯಾಮೆರಾಗೆ ಡೇಟು ಹಾಕಿ ಇನ್ನೊಂದು ತೆಗೆದು ಕಳಿಸಿ. ಡೇಟು ಕಾಣೋ ಹಾಗೆ ಕ್ಯಾಮೆರಾ ಸ್ಕ್ರೀನನ್ನೇ ಫೋನಲ್ಲಿ ಹೊಡೆದು ವಾಟ್ಸಾಪ್ ಮಾಡಿದ್ರೂ ಸಾಕು. ಹನ್ನೆರಡರೊಳಗೆ ಬಂದ್ರೆ ಇಲ್ಲಿಂದಲೇ ನಿಲ್ಲಿಸ್ತೀನಿ.”

ಗಂಟೆ ಹನ್ನೊಂದು ಐದು. ಅಷ್ಟು ಸುಲಭ. ಕ್ಯಾಮೆರಾ ಮುಕ್ಕಾಲಿಯ ಮೇಲೇ ಇದೆ, ಗೂಡಿಗೇ ಗುರಿಯಾಗಿದೆ, ಬೆಳಕಿನ ಲೆಕ್ಕವನ್ನಷ್ಟೇ ಹೊತ್ತಿಗೆ ತಕ್ಕಂತೆ ಬದಲಿಸಿದರೆ ಸಾಕು. ನೂರ್‌ಜಹಾನ್ ಮೇಲೆ ಹೋಗಿ ಒಂದು ಗುಂಡಿ ಒತ್ತಿದರೆ ಆಯಿತು. ಕಚೇರಿಯ ಮೆಟ್ಟಿಲಲ್ಲೇ ನಿಂತು ಫೋನ್ ಮಾಡಿದೆ. ಅವಳು ಏದುಸಿರು ಬಿಡುತ್ತ ತಾರಸಿ ಹತ್ತಿದಳು.

“ಹೇಳಿ ಅಕ್ಕಾ, ಬಟ್ಟೆ ತೆಗೆದೆ.”

“ಬಲಗಡೆ ಮೇಲೆ ಆನ್ ಮಾಡೋದಿದೆ, ತಿರುಗಿಸು.”

“ತಿರುಗಿಸಿದೆ. ಏನೂ ಬರ್ತಾ ಇಲ್ಲ.”

“ಪೂರ್ತಿ ತಿರುಗಿಸು ನೂರ್.”

“ಪೂರ್ತೀನೇ ತಿರುಗಿಸಿದೀನಿ ಅಕ್ಕಾ. ಸತ್ತೋಗಿರೋ ಥರ ಇದೆ.”

ಅಷ್ಟರಲ್ಲಿ ನನ್ನ ಎಡಗೈ ಕೈಚೀಲದ ಪಕ್ಕದ ಜೇಬನ್ನು ಮುಟ್ಟಿತು. ಬಟ್ಟೆಯ ಮೇಲಿಂದಲೇ ಬ್ಯಾಟರಿಯ ಅಂಚು ಕೈಗೆ ಸಿಕ್ಕಿತು.

ಅವಳಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವಳು “ನೀವು ಬನ್ನಿ ಅಕ್ಕಾ, ನಾನು ಹೋಗಿ ಮರದ ಕೆಳಗೆ ನಿಂತ್ಕೋತೀನಿ” ಅಂದಳು.

ಆಟೋ ಹಿಡಿದೆ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಗಾಡಿಗಳು ನಿಂತೇಬಿಟ್ಟಿದ್ದವು. ಚಾಲಕನಿಗೆ ವಿಷಯ ಹೇಳಿದೆ.

“ಹಕ್ಕಿಗಾ ಅಮ್ಮಾ ಇಷ್ಟು ಅರ್ಜೆಂಟು? ನಾನು ಯಾರೋ ಆಸ್ಪತ್ರೇಲಿದ್ದಾರೆ ಅಂದ್ಕೊಂಡೆ,” ಅಂದ. ಆದರೂ ಪಾಪ, ಕೊಡಿಗೇಹಳ್ಳಿಯ ಒಳರಸ್ತೆಗೆ ನುಗ್ಗಿಸಿದ. ಅಲ್ಲೂ ಪೈಪಿಗಾಗಿ ರಸ್ತೆ ಅಗೆದಿದ್ದರು. ನೂರ್‌ಜಹಾನ್ ಒಂದು ಚಿತ್ರ ಕಳಿಸಿದಳು. ಮರದ ಕೆಳಗೆ ಹೋಗುವ ಮೊದಲು ಕ್ಯಾಮೆರಾದ ಕಿಂಡಿಗೇ ತನ್ನ ಫೋನ್ ಒತ್ತಿ ಹಿಡಿದು ತೆಗೆದಿದ್ದಳು. ಬರೀ ಕಪ್ಪು ವೃತ್ತ. ಅದನ್ನೂ ಅಧಿಕಾರಿಗೆ ಕಳಿಸಿದೆ. ‘ಕಾಣ್ತಿಲ್ಲ ಮೇಡಂ’ ಎಂದು ಉತ್ತರ ಬಂತು. ಹನ್ನೊಂದು ಐವತ್ತೆರಡು.

ಹನ್ನೆರಡು ಹತ್ತಕ್ಕೆ ಅವಳ ಫೋನು ಬಂತು. ಹಿಂದೆ ಗರಗಸದ ಯಂತ್ರದ ಸದ್ದು. ಯಾರೋ ಗಂಡಸು ಅವಳಿಗೆ ಹೇಳುತ್ತಿದ್ದ, “ಇಂಗೆ ಅಡ್ಡ ನಿಂತ್ರೆ ಎಂಗಮ್ಮಾ? ಎರಡು ಗಂಟೆಗೆ ಕರೆಂಟು ಬಿಡ್ತಾರೆ. ಮ್ಯಾಲೆ ನಮ್ ಉಡುಗ್ರು ಅವ್ರೆ, ಲೈನ್ ಮುಟ್ಟಿದ್ರೆ ನೀನ್ ಬರ್ತೀಯಾ?” ಅವಳು ಹೇಳಿದಳು, “ಹತ್ತೇ ನಿಮಿಷ ಅಣ್ಣಾ, ನಮ್ಮಕ್ಕ ದಾರೀಲಿದ್ದಾರೆ.” ಅವನು “ಅಕ್ಕ ಬಂದು ಮರ ಇಡ್ಕೋತಾಳಾ?” ಎಂದ. ಯಾರೋ ನಕ್ಕರು. ಫೋನು ಕಟ್ಟಾಯಿತು.

ಹನ್ನೆರಡು ಇಪ್ಪತ್ತೇಳಕ್ಕೆ ಇಳಿದೆ. ಮೊಣಕಾಲು ನೋವಿರುವ ನಾನು ಎರಡು ಅಂತಸ್ತನ್ನು ಹೇಗೆ ಹತ್ತಿದೆನೋ. ಬ್ಯಾಟರಿ ಹಾಕಿದೆ. ಕ್ಯಾಮೆರಾ ದಿನಾಂಕ ಕೇಳಿತು. ಈ ಸಲ ದಾಟಿಸಲಿಲ್ಲ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಒಂದೊಂದನ್ನೂ ನೋಡಿ ಹಾಕಿದೆ. ಹನ್ನೆರಡು ಮೂವತ್ತೊಂದು. ಕಿಂಡಿಗೆ ಕಣ್ಣಿಟ್ಟೆ.

ಉದ್ದನೆಯ ಲೆನ್ಸಿನಲ್ಲಿ ಕಾಣುವ ಜಾಗ ಬಹಳ ಚಿಕ್ಕದು. ಅಲ್ಲಿ ಆಕಾಶವಿತ್ತು. ಗುರಿ ಅಲುಗಿರಬೇಕೆಂದು ಮೊದಲು ಅಂದುಕೊಂಡೆ. ಸ್ವಲ್ಪ ಕೆಳಗೆ ಬಾಗಿಸಿದೆ. ಹಸಿ ಕಡಿತದ ದುಂಡನೆಯ ಬಿಳಿ ಗಾಯ ಕಂಡಿತು. ಅಷ್ಟು ಸ್ಪಷ್ಟವಾಗಿ, ಅದರ ಮೇಲಿನ ಗರಗಸದ ಗೀರುಗಳನ್ನು ಎಣಿಸಬಹುದಿತ್ತು. ಗೂಡಿದ್ದ ಕೊಂಬೆಯನ್ನೇ ಮೊದಲು ಇಳಿಸಿದ್ದರು, ಅದು ತಂತಿಯ ಕಡೆ ಚಾಚಿತ್ತಂತೆ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ತಾಯಿ ಹಕ್ಕಿ ಕೂತಿತ್ತು. ಕೂತ ಹಕ್ಕಿ ಮಣ್ಣಿನ ಬಣ್ಣವಾಗಿತ್ತು.

ನಾನು ಗುಂಡಿ ಒತ್ತಿದೆ. ಯಾಕೆ ಒತ್ತಿದೆ ಎಂದು ಈಗಲೂ ಗೊತ್ತಿಲ್ಲ. ಅಧಿಕಾರಿಯ ಫೋನು ಬಂತು.

“ತೆಗೆದ್ರಾ ಮೇಡಂ?”

“ತೆಗೆದೆ. ದಿನಾಂಕ ಸರಿಯಾಗಿದೆ.”

“ಮರಿ ಇದೆಯಾ ಅದರಲ್ಲಿ?”

“ಇಲ್ಲ.”

ಅವರು ಏನೋ ಹೇಳಿದರು, ನಾನು ಇಟ್ಟುಬಿಟ್ಟೆ.

ಕೆಳಗೆ ಹೋದಾಗ ನೂರ್‌ಜಹಾನ್ ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ದುಪಟ್ಟಾ, ಅದರಲ್ಲಿ ಒಂದು ಮರಿ. ಎರಡು ಅಲ್ಲೇ ಸತ್ತಿದ್ದವು. ಫೋನಿನಲ್ಲಿ ನಗು ಕೇಳಿಸಿದ್ದ ಆ ಕೆಲಸದವರಲ್ಲಿ ಒಬ್ಬನು ಅವನ್ನು ಸಿಮೆಂಟ್ ಚೀಲದ ಮೇಲೆ ಜೋಡಿಸಿಟ್ಟು ದೂರ ನಿಂತಿದ್ದ. ನನ್ನನ್ನು ನೋಡಿ, “ಗೊತ್ತಾಗ್ಲಿಲ್ಲ ಅಮ್ಮಾ, ಕೆಳಗಿಂದ ಕಾಣ್ಲಿಲ್ಲ” ಅಂದ. ಕಾಣುವಂತೆ ಮಾಡುವ ಕೆಲಸ ನನ್ನದಾಗಿತ್ತು.

ಹಕ್ಕಿಗಳ ಆರೈಕೆ ಮಾಡುವವರಿಗೆ ಫೋನ್ ಮಾಡಿದೆ. ಸಂಜೆ ಬರುತ್ತೇವೆ, ರಟ್ಟಿನ ಡಬ್ಬಿಯಲ್ಲಿ ಬೆಚ್ಚಗೆ ಇಡಿ ಎಂದರು. ಇಟ್ಟೆವು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅದೂ ಹೋಯಿತು.

“ನೀವು ಬೇಕಂತ ಮಾಡಿದ್ದಾ ಅಕ್ಕಾ,” ಅಂದಳು ನೂರ್‌ಜಹಾನ್. ಸಮಾಧಾನಕ್ಕೆ ಹೇಳಿದ್ದು. ಸಮಾಧಾನವಾಗಲಿಲ್ಲ. ಬೇಕಂತ ಮಾಡಿದ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ನಾನು ಹೆಮ್ಮೆಪಟ್ಟುಕೊಂಡು ಬೆಳೆಸಿದ ಅಭ್ಯಾಸ. ಇದನ್ನು ಕಿತ್ತರೆ ನನ್ನಲ್ಲಿ ಉಳಿಯುವುದು ಬಹಳ ಇಲ್ಲ. ನಿಯಮಗಳು ನನ್ನನ್ನು ತಪ್ಪಿನಿಂದ ಕಾಯುತ್ತವೆ ಎಂದು ನಂಬಿದ್ದೆ. ಆ ಚಿತ್ರ ಇನ್ನೂ ನನ್ನ ಬಳಿ ಇದೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಮೂರು ಬಾಯಿ ಇನ್ನೂ ತೆರೆದೇ ಇವೆ. ಮರವಿದ್ದ ಜಾಗದಲ್ಲಿ ಈಗ ಕಾಲುವೆಯ ಗೋಡೆಯಿದೆ. ಆ ರಸ್ತೆಯಲ್ಲಿ ನಾನು ಹೋಗುವುದಿಲ್ಲ, ಸುತ್ತು ಬಳಸಿ ನೂರ್‌ಜಹಾನ್ ಮನೆಗೆ ಹೋಗುತ್ತೇನೆ. ಕ್ಯಾಮೆರಾವನ್ನು ಆಮೇಲೆ ಹೊರಗೆ ತೆಗೆದಿಲ್ಲ.

ಆ ದಿನದ ಉಳಿದ ಕೆಲಸ ಇಷ್ಟು. ನೂರ್‌ಜಹಾನ್ ಮನೆಯ ಹಿಂದೆ ಕರಿಬೇವಿನ ಗಿಡದ ಬುಡದಲ್ಲಿ ಮೂರನ್ನೂ ಮಣ್ಣು ಮಾಡಿದೆವು. ಮುಕ್ಕಾಲಿ ಬಿಚ್ಚಿದೆ. ರವೆ ಪೊಟ್ಟಣ ಅವಳಿಗೆ ಹಿಂತಿರುಗಿಸಿದೆ. ಮನೆಗೆ ಬಂದು ಲೆನ್ಸು ಒರೆಸಿ, ಕನ್ವರ್ಟರ್‌ನ ಎರಡೂ ಬದಿಗೆ ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ನಮ್ಮ ಎಕ್ಸ್‌ರೇ ವಿಭಾಗದಲ್ಲಿ ಎಸೆಯುವ ಪ್ರತಿ ಫಿಲ್ಮಿಗೂ ಕಾರಣ ಬರೆದು ಸಹಿ ಮಾಡಬೇಕಿತ್ತು. ರಿಜಿಸ್ಟರ್ ತೆರೆದು ಆ ದಿನದ ಎರಡೂ ಚಿತ್ರ ಬರೆದೆ. ಮೊದಲನೆಯದು, ಆರು ನಲವತ್ತೆಂಟು, ಮರಿ ಮೂರು, ತಿರಸ್ಕೃತ. ಕಾರಣ, ದಿನಾಂಕವಿಲ್ಲ. ಎರಡನೆಯದು, ಹನ್ನೆರಡು ಮೂವತ್ತೊಂದು, ದಿನಾಂಕ ಸರಿಯಿದೆ. ಕೆಳಗೆ ಸಹಿ ಹಾಕಿದೆ. ಆರು ಗಂಟೆ ಐದು ನಿಮಿಷಕ್ಕೆ ಕ್ಯಾಮೆರಾದಿಂದ ಬ್ಯಾಟರಿ ತೆಗೆದು ಬೇರೆ ಖಾನೆಯಲ್ಲಿಟ್ಟು ಬೀರುವಿನ ಬಾಗಿಲು ಹಾಕಿದೆ.